ವೊಟ್ರಿಸ್ ವಿರುದ್ಧದ ಗೋಲು

ಚೆಂಡು ಬಂದು ಬೆನ್ನಿಗೆ ಬಡಿದಾಗ ರೆಜಿಸ್ ಕ್ಲೋಸೆ ಬಗ್ಗಿ ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದ. ಬೆನ್ನು ಎನ್ನುವುದು ಮರ್ಯಾದೆಯ ಮಾತು. ಬಡಿದದ್ದು ಅದಕ್ಕಿಂತ ಒಂದು ಗೇಣು ಕೆಳಗೆ. ವೊಟ್ರಿಸ್ ತಂಡದ ಗೋಲ್‌ಕೀಪರ್ ಮೈಮೇಲೆ ಎಚ್ಚರವಿಲ್ಲದೆ ಒದ್ದ ಚೆಂಡು ಅಲ್ಲಿಂದ ಪುಟಿದು, ಒಂದು ಮಣ್ಣುಗುಡ್ಡೆಗೆ ತಗುಲಿ ದಿಕ್ಕು ತಪ್ಪಿ, ಆ ಕೀಪರನ ಕಾಲ ಪಕ್ಕದಲ್ಲೇ ನಿಧಾನವಾಗಿ ಉರುಳಿಕೊಂಡು ಹೋಗಿ ಬಲೆ ಸೇರಿತು. ರೆಜಿಸ್ ತಲೆಯೆತ್ತಿದಾಗ ತನ್ನ ತಂಡದವರೆಲ್ಲ ಕಿರುಚುತ್ತ ತನ್ನ ಕಡೆಗೇ ಓಡಿ ಬರುತ್ತಿದ್ದರು. ಏನು ತಪ್ಪು ಮಾಡಿದೆನೋ ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಗೋಲು ಭಾವ, ಗೋಲು! ನೀನೇ ಹೊಡ್ದಿದ್ದು!" ಎಂದು ಲ್ಯುಡೊ ಅವನ ಕೊರಳಿಗೆ ಜೋತುಬಿದ್ದ. ಲ್ಯುಡೊ ನಮ್ಮ ಗೋಲ್‌ಕೀಪರ್, ತಂಡದ ನಾಯಕ, ರೆಜಿಸನ ಹೆಂಡತಿಯ ತಮ್ಮ. ತನ್ನ ಗೋಲನ್ನು ಖಾಲಿ ಬಿಟ್ಟು ಇಡೀ ಮೈದಾನ ಓಡಿಬಂದಿದ್ದ.

"ನಾನಾ?" ಎಂದ ರೆಜಿಸ್.

ಸುಳ್ಳು ಯಾಕೆ ಹೇಳಬೇಕು, ನಮ್ಮ ಬ್ರೆಲಾಂಜ್ ತಂಡದಷ್ಟು ದರಿದ್ರ ತಂಡ ಇಡೀ ಜಿಲ್ಲೆಯಲ್ಲೇ ಇರಲಿಲ್ಲ. ಜಿಲ್ಲಾ ಲೀಗಿನಲ್ಲಿ ನಾಲ್ಕನೇ ವಿಭಾಗದ ಕೆಳಗೆ ಇನ್ನೇನೂ ಇಲ್ಲ. ಇದ್ದಿದ್ದರೆ ನಾವು ಅಲ್ಲಿರುತ್ತಿದ್ದೆವು. ಒಂದು ಭಾನುವಾರ ಒಂಬತ್ತು ಸೊನ್ನೆ, ಮುಂದಿನ ಭಾನುವಾರ ಹನ್ನೊಂದು ಸೊನ್ನೆ. ಎರಕದ ಕಾರ್ಖಾನೆ ಮುಚ್ಚಿದ ಮೇಲೆ ಊರಿನಲ್ಲಿ ಉಳಿದ ಗಂಡಸರೇ ಕಡಿಮೆ, ಅದರಲ್ಲಿ ಓಡಬಲ್ಲವರು ಇನ್ನೂ ಕಡಿಮೆ. ಆ ನವೆಂಬರಿನಲ್ಲಿ ವೊಟ್ರಿಸ್ ತಂಡದವನೊಬ್ಬನ ಮದುವೆ ಹಿಂದಿನ ದಿನವಷ್ಟೇ ಮುಗಿದಿತ್ತು. ಹನ್ನೊಂದು ಜನರಲ್ಲಿ ಏಳು ಜನಕ್ಕೆ ನಶೆ ಇನ್ನೂ ಇಳಿದಿರಲಿಲ್ಲ. ಹಾಗಾಗಿ ಅಂಕಪಟ್ಟಿಯ ಮೊದಲನೆಯವರು ಕೊನೆಯವರ ಕೈಲಿ ಒಂದು ಸೊನ್ನೆಯಿಂದ ಸೋತರು. ಮೂರು ವರ್ಷದಲ್ಲಿ ನಮ್ಮ ಮೊದಲ ಗೆಲುವು. ಮೈದಾನದ ಕ್ಯಾಂಟೀನು ನಡೆಸುವ ಎಪ್ಪತ್ತು ದಾಟಿದ ಓಡೆಟಮ್ಮ ಸಾಸೇಜು ಮಗುಚುವ ಇಕ್ಕಳ ಹಿಡಿದುಕೊಂಡೇ ಗೊಳೋ ಎಂದು ಅತ್ತುಬಿಟ್ಟಳು.

ರೆಜಿಸನಿಗೆ ಆಗ ನಲವತ್ಮೂರು. ಸುತ್ತಲ ಹಳ್ಳಿಗಳ ಕೊಟ್ಟಿಗೆಗಳಿಂದ ಹಾಲು ತುಂಬಿಕೊಂಡು ಬರುವ ಟ್ಯಾಂಕರ್ ಓಡಿಸುತ್ತಿದ್ದ. ಇಪ್ಪತ್ಮೂರು ವರ್ಷ ರಕ್ಷಣಾ ಸಾಲಿನಲ್ಲಿ ಆಡಿ ಒಂದೇ ಒಂದು ಗೋಲು ಹೊಡೆದವನಲ್ಲ. ಆ ದಿನ ಎದುರಾಳಿಯ ಗೋಲಿನ ಹತ್ತಿರ ಉಳಿದದ್ದೂ ವಾಪಸು ಓಡಲು ಉಸಿರು ಸಾಲದೆ. ಊರ ಊಟಗಳಲ್ಲಿ ಅವನು ಬಾಯಿ ತೆರೆದರೆ ಪಕ್ಕದವರು ಬ್ರೆಡ್ಡು ತರುವ ನೆಪ ಹೇಳಿ ಎದ್ದು ಹೋಗುತ್ತಿದ್ದರು. ಅಂಥವನ ಹೆಸರು ಮಂಗಳವಾರದ ಪೇಪರಿನ ಜಿಲ್ಲಾ ಪುಟದಲ್ಲಿ ಬಂತು: ಬ್ರೆಲಾಂಜ್ 1 (ಕ್ಲೋಸೆ, 63ನೇ ನಿಮಿಷ), ವೊಟ್ರಿಸ್ 0. ಅವತ್ತು ಕೊಟ್ಟಿಗೆಗಳ ರೈತರು ಅವನನ್ನು ಹೆಸರು ಹಿಡಿದು ಕರೆದರು. ಅಲ್ಲಿಯವರೆಗೆ ಅವನು ಅವರಿಗೆ ಬರೀ ಹಾಲಿನ ಗಾಡಿಯವನು. ಪಾಪ, ಅಷ್ಟು ಸಾಕಾಯಿತು ಅವನ ತಲೆ ತಿರುಗಲಿಕ್ಕೆ.

ಗೋಲು ವಾರವಾರವೂ ಬೆಳೆಯಿತು. ಡಿಸೆಂಬರಿನ ಹೊತ್ತಿಗೆ ಚೆಂಡು ತಗುಲಿದ್ದು ಮೊಣಕಾಲಿಗೆ ಎಂದಾಯಿತು. ಹೊಸ ವರ್ಷಕ್ಕೆ ಅವನು ಕೀಪರ್ ಒದೆಯುವುದನ್ನು ಓರೆಗಣ್ಣಿನಲ್ಲಿ ಗಮನಿಸಿದ್ದ. ಫೆಬ್ರವರಿಯಲ್ಲಿ ಗಾಳಿಯಲ್ಲೇ ತಿರುಗಿ ಒದ್ದಿದ್ದ. ಬಟ್ಟೆ ಬದಲಿಸುವ ಕೋಣೆಯಲ್ಲಿ, ಕ್ಯಾಂಟೀನಿನಲ್ಲಿ, ಕೆಫೆಯಲ್ಲಿ, ಯಾರು ಸಿಕ್ಕರೂ ಹಿಡಿದು ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು.

"ನೀನು ಲಾಡಿ ಕಟ್ತಾ ಇದ್ದೆ ಅಲ್ವಾ ಭಾವ?" ಎಂದು ಲ್ಯುಡೊ ಒಮ್ಮೆ ಎಲ್ಲರೆದುರು ಕಾಲೆಳೆದ.

"ಕಟ್ಟೋ ಹಂಗೆ ನಾಟಕ ಮಾಡ್ತಿದ್ದೆ ಕಣೋ. ಆ ಕೀಪರಿಗೆ ಅನುಮಾನ ಬರಬಾರದು ಅಂತ."

ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅವನೂ ನಕ್ಕ, ತನ್ನ ಜಾಣತನ ಎಲ್ಲರಿಗೂ ಹಿಡಿಸಿತು ಎಂದುಕೊಂಡು. ಮನೆಯಲ್ಲಿ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ಕೀಪರ್ ಮಾಡಿ, ಮೆಣಸಿನ ಡಬ್ಬಿಯನ್ನು ತಾನು ಮಾಡಿಕೊಂಡು ತೋರಿಸುತ್ತಿದ್ದ. ಹೆಂಡತಿ ಸೊಲಾಂಜ್ ಕೊನೆಗೆ ಎರಡನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಅದರ ಅರ್ಥವೂ ಅವನಿಗೆ ಆಗಲಿಲ್ಲ.

ಮೈದಾನದ ಕಥೆ ಮಾತ್ರ ಹಳೆಯದೇ. ನವೆಂಬರ್ ಕೊನೆಯಲ್ಲಿ ಕಾಡುಹಂದಿ ಬೇಟೆ ಇಟ್ಟ ಭಾನುವಾರ ತಂಡದ ಅರ್ಧ ಜನ ಬಂದೂಕು ಹಿಡಿದು ಕಾಡಿಗೆ ಹೋದರು. ಆಟ ಶುರುವಾಗಬೇಕಾದರೆ ಕನಿಷ್ಠ ಎಂಟು ಜನ ಬೇಕು. ನಾವು ಆರೇ ಜನ. ಆಡದೆ ಬಿಟ್ಟುಕೊಟ್ಟ ಲೆಕ್ಕಕ್ಕೆ ಅದು ಒಂದು. ಫೆಬ್ರವರಿಯಲ್ಲಿ ಜ್ವರ ಬಂದು ಎಲ್ಲರೂ ಹಾಸಿಗೆ ಹಿಡಿದರು. ಅದು ಎರಡು. ಮೂರನೆಯದಾದರೆ ಆ ವರ್ಷಕ್ಕೆ ತಂಡವೇ ಇಲ್ಲವೆಂದು ಲೀಗಿನವರು ಬರೆದುಬಿಡುತ್ತಾರೆ. ಅಲ್ಲಿಯವರೆಗೆ ಆಡಿದ್ದೆಲ್ಲ ರದ್ದು. ಸೋತದ್ದೂ ರದ್ದು, ಗೆದ್ದದ್ದೂ ರದ್ದು.

ಈ ನಿಯಮ ನಮ್ಮೂರಲ್ಲಿ ಸರಿಯಾಗಿ ಗೊತ್ತಿದ್ದದ್ದು ರೆಜಿಸ್ ಒಬ್ಬನಿಗೇ. ನಿಯಮದ ಪುಸ್ತಕ ತರಿಸಿಕೊಂಡು ಓದಿದ್ದ ಪುಣ್ಯಾತ್ಮ. ಓದಿದವನು ಸುಮ್ಮನಿರಬಾರದಿತ್ತೇ?

ಮಾರ್ಚಿನ ಒಂದು ಸಂಜೆ ವೊಟ್ರಿಸ್ ತಂಡದ ಅಧ್ಯಕ್ಷ ಪ್ರೂದೊ ನಮ್ಮೂರ ಕೆಫೆಗೆ ಬಂದ. ಮನೆಗಳಿಗೆ ಹಂಚಿನ ಮಾಡು ಹಾಕಿಸುವ ಗುತ್ತಿಗೆದಾರ, ದಪ್ಪ ಕುತ್ತಿಗೆಯ, ಮೆಲುದನಿಯ ಮನುಷ್ಯ. ಲ್ಯುಡೊ ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದ. ಇಬ್ಬರೂ ಕೆಲಸ ಮುಗಿಸಿ ಬಿಯರ್ ಕುಡಿಯುತ್ತ ನಿಂತಿದ್ದರು. ವೊಟ್ರಿಸ್ ಆಗ ಎರಡನೇ ಸ್ಥಾನಕ್ಕೆ ಇಳಿದಿತ್ತು, ರೂವಲ್ ತಂಡಕ್ಕಿಂತ ಎರಡು ಅಂಕ ಹಿಂದೆ. ಮೇಲಿನ ವಿಭಾಗಕ್ಕೆ ಹೋಗುವುದು ಮೊದಲನೆಯವರು ಮಾತ್ರ.

"ಏನ್ ಪ್ರೂದೊ, ಈ ವರ್ಷಾನೂ ನಮ್ ಜೊತೆ ಕೆಳಗೇ ಕೂತ್ಕೋತೀರಾ?" ಎಂದ ರೆಜಿಸ್, ಕೆಫೆಯವರಿಗೆಲ್ಲ ಕೇಳುವಂತೆ.

"ಎರಡೇ ಪಾಯಿಂಟಪ್ಪ. ನೋಡೋಣ."

"ಏನ್ ನೋಡ್ತೀರಾ? ನನ್ನ ಗೋಲಿಲ್ದೇ ಇದ್ದಿದ್ರೆ ನೀವು ಮೇಲಿರ್ತಿದ್ರಿ. ಒಂದು ಒದೆ, ಇಡೀ ವೊಟ್ರಿಸ್ ಕೆಳಗೆ!"

"ಒದೆನಾ? ನಮ್ ಹುಡುಗರು ಬೇರೆ ಜಾಗದ ಹೆಸರು ಹೇಳಿದ್ರು," ಎಂದ ಪ್ರೂದೊ. ಕೆಫೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಲ್ಯುಡೊ.

ರೆಜಿಸನ ಕಿವಿ ಕೆಂಪಾಯಿತು. "ನಗ್ರಿ, ನಗ್ರಿ. ಎಲ್ಲಿ ತಾಗಿದ್ರೇನು, ಅದು ದಾಖಲೆಯಲ್ಲಿದೆ. ಯಾವನ ಕೈಲೂ ಅಳಿಸಕ್ಕಾಗಲ್ಲ. ಅಳಿಸಬೇಕು ಅಂದ್ರೆ ನಾವು ಮೂರನೇ ಸಲ ಆಟ ಬಿಟ್ಟುಕೊಡಬೇಕು. ಆಗ ನಮ್ ಜೊತೆ ಆಡಿದ್ದೆಲ್ಲ ರದ್ದು. ರೂವಲ್‌ನವರು ನಮ್ಮನ್ನ ಎರಡು ಸಲ ಸೋಲಿಸಿದಾರೆ, ಅವರಿಗೆ ಆರು ಅಂಕ ಹೋಗುತ್ತೆ. ನೀವು ಸೋಲಿಸಿದ್ದು ಒಂದೇ ಸಲ, ನಿಮಗೆ ಮೂರೇ ಹೋಗುತ್ತೆ. ಆವಾಗ ನೀವು ಮೇಲೆ! ಆದ್ರೆ ಅದು ನಾನು ಬದುಕಿರೋವರೆಗೂ ಆಗಲ್ಲ. ತಿಳೀತಾ?"

ಪ್ರೂದೊ ಈ ಸಲ ನಗಲಿಲ್ಲ. ಗ್ಲಾಸು ಕೆಳಗಿಟ್ಟ.

"ಹೌದಾ?" ಎಂದ. "ಇನ್ನೊಂದ್ಸಲ ಹೇಳು."

ಆ ಮಂಕುದಿಣ್ಣೆ ಇನ್ನೊಂದು ಸಲ ಹೇಳಿದ. ಬೆರಳು ಮಡಿಸಿ ಮಡಿಸಿ, ನಿಧಾನವಾಗಿ, ಶಾಲೆ ಮಕ್ಕಳಿಗೆ ಹೇಳಿಕೊಡುವ ಹಾಗೆ. ಪ್ರೂದೊ ಅವನಿಗೊಂದು ಬಿಯರ್ ಕೊಡಿಸಿ ಹೋದ.

ಏಪ್ರಿಲ್ ಕೊನೆಯ ಭಾನುವಾರ ಮಾರ್ಬೆ ತಂಡದ ಜೊತೆ ನಮ್ಮೂರಲ್ಲೇ ಆಟ. ಬೇಟೆಯ ಕಾಲ ಮುಗಿದಿತ್ತು, ಯಾರಿಗೂ ಜ್ವರವಿರಲಿಲ್ಲ. ಆದರೂ ರೆಜಿಸ್ ಶುಕ್ರವಾರವೇ ಒಬ್ಬೊಬ್ಬರಿಗೂ ಫೋನು ಮಾಡಿದ. ಎಲ್ಲರೂ ಬರ್ತೀನಿ ಎಂದರು. ಲ್ಯುಡೊ ಅಂತೂ ಬೇಜಾರೇ ಮಾಡಿಕೊಂಡ.

"ಹತ್ತು ಜನ ಇದೀವಿ ಭಾವ. ಎಷ್ಟು ಸಲ ಕೇಳ್ತೀಯ? ಹೋಗಿ ಮಲಕ್ಕೋ."

ಭಾನುವಾರ ಮಧ್ಯಾಹ್ನ ಒಂದೂವರೆಗೇ ರೆಜಿಸ್ ಮೈದಾನದಲ್ಲಿದ್ದ. ಸುಣ್ಣದ ಗಾಡಿ ತಳ್ಳಿಕೊಂಡು ತಾನೇ ಗೆರೆ ಎಳೆದ, ಬಲೆಯ ಹರಿದ ಕಡೆ ಹಗ್ಗ ಕಟ್ಟಿದ, ಮೂಲೆ ಬಾವುಟ ನೆಟ್ಟ. ಓಡೆಟಮ್ಮ ಒಗೆದು ತಂದ ಜರ್ಸಿಗಳನ್ನು ಬೆಂಚಿನ ಮೇಲೆ ನಂಬರಿನ ಪ್ರಕಾರ ಹರಡಿ, ತನ್ನ ಐದನೇ ನಂಬರಿನದನ್ನು ತೊಟ್ಟುಕೊಂಡು ಬಾಗಿಲಲ್ಲಿ ನಿಂತ. ಎರಡೂಕಾಲಿಗೆ ಬಂದವನು ತೌಫಿಕ್ ಒಬ್ಬನೇ. ಬ್ರೆಡ್ಡಿನ ಅಂಗಡಿಯಲ್ಲಿ ಕೆಲಸ ಮಾಡುವವನು, ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತಂಡದಲ್ಲಿ ಚೆನ್ನಾಗಿ ಓಡುತ್ತಿದ್ದವನು ಅವನೊಬ್ಬನೇ, ಚೆಂಡು ಸಿಗದಿದ್ದವನೂ ಅವನೇ.

"ಉಳಿದೋರು?" ಎಂದ ರೆಜಿಸ್.

"ಬರ್ತಾರೇನೋ," ಎಂದು ತೌಫಿಕ್ ಮುಖ ಕೆಳಗೆ ಹಾಕಿ ಸಾಕ್ಸು ಎಳೆದುಕೊಂಡ.

ಎರಡೂವರೆಗೆ ಮಾರ್ಬೆಯವರು ಎರಡು ವ್ಯಾನಿನಲ್ಲಿ ಬಂದಿಳಿದರು. ಎರಡೂಮುಕ್ಕಾಲಿಗೆ ರೆಫ್ರಿ ಬಂದು ಆಟಗಾರರ ಪಟ್ಟಿ ಕೇಳಿದ. ರೈಲ್ವೆಯಲ್ಲಿ ನಿವೃತ್ತನಾದ ಕಟ್ಟುನಿಟ್ಟಿನ ಮನುಷ್ಯ. ರೆಜಿಸ್ ಫೋನಿಗೆ ಅಂಟಿಕೊಂಡಿದ್ದ. ಲ್ಯುಡೊನದು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೊಬ್ಬನದು ಸ್ವಿಚ್ ಆಫ್. ಇನ್ನೊಬ್ಬನ ಹೆಂಡತಿ ಎತ್ತಿ, "ಅವ್ರು ಮೈದಾನಕ್ಕೆ ಅಂತ ಹೇಳೇ ಹೋದ್ರಲ್ಲ?" ಎಂದಳು. ರೆಜಿಸ್ ಬೂಟು ಹಾಕಿಕೊಂಡೇ ರಸ್ತೆಯ ತಿರುವಿನವರೆಗೆ ಓಡಿದ, ವಾಪಸು ಓಡಿ ಬಂದ. ಮಾರ್ಬೆ ಹುಡುಗರು ಚೆಂಡು ಒದೆಯುವುದನ್ನು ನಿಲ್ಲಿಸಿ ಅವನ ಓಟ ನೋಡುತ್ತ ನಿಂತರು.

"ಮೂವತ್ತು ಕಿಲೋಮೀಟರು ಬಂದಿದೀವಿ ಮಾರಾಯ. ಇಬ್ಬರ ಜೊತೆ ಆಡಕ್ಕಾ?" ಎಂದ ಅವರ ನಾಯಕ.

"ಬರ್ತಾರೆ. ಗಾಡಿ ಕೆಟ್ಟಿರತ್ತೆ. ಎಲ್ರೂ ಒಂದೇ ಗಾಡೀಲಿ ಬರೋದು, ಅದಕ್ಕೆ." ರೆಜಿಸ್ ರೆಫ್ರಿಯ ಕಡೆ ತಿರುಗಿದ. "ನೀವು ಹೆಸರು ಬರ್ಕೊಂಡುಬಿಡಿ ಸಾರ್. ಹತ್ತು ಜನಾನೂ ಬರ್ಕೊಳ್ಳಿ. ಶುರು ಮಾಡಿದ್ಮೇಲೆ ಒಬ್ಬೊಬ್ರೇ ಬಂದು ಸೇರ್ಕೋತಾರೆ."

"ಕಣ್ಣಿಗೆ ಕಾಣೋರನ್ನ ಮಾತ್ರ ಬರ್ಕೊಳ್ಳೋದು ನಾನು."

"ನಮ್ಗಿದು ಮೂರನೇದು ಸಾರ್."

"ಗೊತ್ತು."

"ಎಲ್ಲಾ ಅಳಿಸಿಬಿಡ್ತಾರೆ ಸಾರ್. ವೊಟ್ರಿಸ್ ಆಟಾನೂ ಅಳಿಸ್ತಾರೆ." ನಲವತ್ಮೂರು ವರ್ಷದ ಗಂಡಸು, ಮೊಣಕಾಲವರೆಗೆ ಸಾಕ್ಸು ಎಳೆದುಕೊಂಡು, ಪರರ ಮುಂದೆ ಕೈ ಮುಗಿದು ನಿಂತಿದ್ದ. ನೋಡಲಾಗದೆ ಓಡೆಟಮ್ಮ ಕ್ಯಾಂಟೀನಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರಕ್ಕೆ ರೆಫ್ರಿ ಗಡಿಯಾರ ನೋಡಿಕೊಂಡ. ನಿಯಮದಂತೆ ಹದಿನೈದು ನಿಮಿಷ ಕಾದ, ಒಂದು ನಿಮಿಷವೂ ಹೆಚ್ಚಿಲ್ಲ. ಆ ಹದಿನೈದು ನಿಮಿಷವೂ ರೆಜಿಸ್ ಬಲೆಯ ಮುಂದೆ ಆ ತುದಿಯಿಂದ ಈ ತುದಿಗೆ ಜಾಗಿಂಗ್ ಮಾಡುತ್ತಿದ್ದ. ಮೈ ಬಿಸಿ ಮಾಡಿಕೊಳ್ಳುತ್ತಿದ್ದನಂತೆ. ಮೂರೂಕಾಲಿಗೆ ಸೀಟಿ ಮೊಳಗಿತು. ನಾಯಕ ಇಲ್ಲದ್ದರಿಂದ ಆಟ ಬಿಟ್ಟುಕೊಟ್ಟದ್ದಕ್ಕೆ ಸಹಿ ಹಾಕಬೇಕಾದವನು ರೆಜಿಸನೇ. ರೆಫ್ರಿ ಟ್ಯಾಬ್ಲೆಟ್ ಮುಂದೆ ಹಿಡಿದ. ಬೆವರಿದ ಬೆರಳಿಗೆ ಗೆರೆ ಸರಿಯಾಗಿ ಮೂಡದೆ ಮೂರು ಸಲ ಬರೆಯಬೇಕಾಯಿತು. ಕ್ಲೋಸೆ, ಕ್ಲೋಸೆ, ಕ್ಲೋಸೆ.

ಮಾರ್ಬೆಯವರ ವ್ಯಾನುಗಳು ಹೊರಟ ಮೇಲೆ ತೌಫಿಕ್ ಬಾಯಿ ಬಿಟ್ಟ.

"ಬೆಳಿಗ್ಗೆ ಪ್ರೂದೊ ಶೆಡ್ಡಿಗೆ ನಲವತ್ತು ಬ್ರೆಡ್ಡು ಹಾಕಿ ಬಂದೆ ರೆಜಿಸಣ್ಣ. ಕುರಿ ಸುಡ್ತಾ ಇದ್ರು. ನಮ್ಮೋರೆಲ್ಲ ಅಲ್ಲೇ ಇದ್ರು. ತಿಂದ್ಕೊಂಡು ಆಟಕ್ಕೆ ಬರ್ತಾರೆ ಅನ್ಕೊಂಡೆ."

ರೆಜಿಸ್ ಗಾಡಿಯ ಕೀಲಿ ಕೈಗೆತ್ತಿಕೊಂಡ.

"ಬಾ ಹೋಗೋಣ," ಎಂದ.

"ನೀವು ಹೋಗಿ. ನನ್ನನ್ನ ಯಾರೂ ಕರ್ದಿಲ್ಲ."

ವೊಟ್ರಿಸ್ ಏಳು ಕಿಲೋಮೀಟರು. ಆ ಭಾನುವಾರ ಅವರಿಗೆ ಆಟವಿರಲಿಲ್ಲ. ಪ್ರೂದೊನ ಶೆಡ್ಡಿನಲ್ಲಿ ಹಂಚಿನ ಅಟ್ಟಿಗಳನ್ನು ಗೋಡೆಗೆ ಸರಿಸಿ ಉದ್ದಕ್ಕೆ ಮೇಜು ಹಾಕಿದ್ದರು. ಬಾಗಿಲ ಬಳಿ ಕಂಬಿಗೆ ಸಿಕ್ಕಿಸಿದ್ದ ಕುರಿಯ ಮೈಯಲ್ಲಿ ಅಷ್ಟಿಷ್ಟು ಮಾಂಸ ಉಳಿದಿತ್ತು. ವೊಟ್ರಿಸ್ ತಂಡ, ಬ್ರೆಲಾಂಜ್ ತಂಡ, ಎರಡೂ ಒಂದರೊಳಗೊಂದು ಸೇರಿ ಕೂತಿದ್ದವು. ರೆಜಿಸ್ ಜರ್ಸಿಯಲ್ಲೇ ಬಂದಿದ್ದ. ಬೂಟಿನ ಅಡಿಯ ಮೊಳೆಗಳು ಸಿಮೆಂಟು ನೆಲದ ಮೇಲೆ ಟಕಟಕ ಎಂದಾಗ ಒಬ್ಬೊಬ್ಬರಾಗಿ ತಿರುಗಿ ನೋಡಿದರು.

"ಆಟ ಏನಾಯ್ತು ಭಾವ?" ಎಂದ ಲ್ಯುಡೊ. ಯಾರೋ ಮೂಗಿನಲ್ಲಿ ನಕ್ಕರು.

"ಯಾಕೋ?" ಎಂದ ರೆಜಿಸ್. "ಯಾಕೋ ಲ್ಯುಡೊ?"

"ಯಾಕೆ ಅಂದ್ರೆ? ವಾರ ವಾರ ಹೋಗಿ ಹತ್ತು ಗೋಲು ತಿಂದ್ಕೊಂಡು ಬರ್ತೀವಿ. ಒಂದು ವಾರ ಕುರಿ ತಿಂದ್ವಿ. ಏನೀಗ?"

"ನಂಗೆ ಹೇಳ್ಬೋದಿತ್ತು."

"ಹೇಳಿದ್ರೆ ಬಿಡ್ತಿದ್ಯಾ ನೀನು? ಐದು ತಿಂಗಳು ಭಾವ! ಐದು ತಿಂಗಳಿಂದ ಒಂದೇ ಗೋಲು ಕೇಳಿ ಕೇಳಿ ಕಿವಿ ತೂತಾಗಿದೆ. ನಾನು ಈ ವರ್ಷ ನೂರು ಗೋಲು ಬಿಟ್ಟಿದೀನಿ, ಅದರ ನೋವು ಒಂದು ಕಡೆ, ನಿನ್ನ ಒಂದರ ಗೋಳು ಇನ್ನೊಂದು ಕಡೆ. ನಂಬಿಕೆ ಇಲ್ಲಾಂದ್ರೆ ಅಕ್ಕನ್ನೇ ಕೇಳು."

ಅಲ್ಲಿಯವರೆಗೆ ರೆಜಿಸ್ ಅವಳನ್ನು ಕಂಡಿರಲಿಲ್ಲ. ಬೆಳಿಗ್ಗೆ ಅಮ್ಮನ ಮನೆಗೆಂದು ಹೊರಟಿದ್ದ ಸೊಲಾಂಜ್ ಮೇಜಿನ ಆ ತುದಿಯಲ್ಲಿ ನಿಂತು ಸೇಬಿನ ಟಾರ್ಟ್ ಎಂಬ ಸಿಹಿ ಕತ್ತರಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ನೀನೂನಾ?" ಎಂದ ಅವನು.

"ಹಂಗೆ ನಿಂತ್ಕೋಬೇಡ, ಜನ ನೋಡ್ತಿದಾರೆ," ಎಂದಳು ಅವಳು, ಚಾಕುವಿನ ಮೇಲೆ ಕಣ್ಣಿಟ್ಟು. "ಈ ಕಡೆ ಬಂದು ಕೂತ್ಕೋ. ಇವತ್ತೊಂದಿನ ಆದ್ರೂ ಸುಮ್ನೆ ಊಟ ಮಾಡೋಣ."

ಪ್ರೂದೊ ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿದ. ಆ ಕೈಯಲ್ಲಿ ಸಿಟ್ಟೇನೂ ಇರಲಿಲ್ಲ. ಹಳೆಯ ಗೆಳೆಯನನ್ನು ಹಬ್ಬಕ್ಕೆ ಕರೆದುಕೊಂಡು ಹೋಗುವ ಹಾಗೆ ಅವನನ್ನು ಮೇಜಿನವರೆಗೆ ನಡೆಸಿದ.

"ಬಾರಪ್ಪ ಕ್ಲೋಸೆ. ನಿನ್ನ ಪಾಲು ತೆಗೆದಿಟ್ಟಿದೀವಿ. ದಾರಿ ತೋರಿಸಿದವನೇ ನೀನು, ನಿನ್ನ ಬಿಟ್ಟು ತಿಂದ್ರೆ ನಮಗೆ ಒಳ್ಳೇದಾಗುತ್ತಾ?" ಎಂದು ಗ್ಲಾಸು ಎತ್ತಿದ. ಎರಡೂ ತಂಡದವರು ಗ್ಲಾಸು ಎತ್ತಿದರು.

ರೆಜಿಸ್ ಕೂತ. ಎದುರಿಗಿದ್ದವನು ವೊಟ್ರಿಸ್‌ನ ಗೋಲ್‌ಕೀಪರ್, ನವೆಂಬರಿನಲ್ಲಿ ಕಾಲ ಪಕ್ಕದಲ್ಲೇ ಚೆಂಡು ಬಿಟ್ಟವನು. ಅವನು ಮೇಜಿನ ಮೇಲೆ ಮೊಣಕೈಯೂರಿ ಮುಂದೆ ಬಾಗಿದ.

"ಅಣ್ಣ, ಆ ಗೋಲು ಹೆಂಗೆ ಹೊಡ್ದೆ ಅಂತ ಒಂದ್ಸಲ ಹೇಳಣ್ಣ. ಊರೆಲ್ಲ ಕೇಳಿದಾರೆ, ನಾನೊಬ್ನೇ ಕೇಳಿಲ್ಲ."

ಅವನು ತಮಾಷೆಗೆ ಕೇಳಿದನೋ, ನಿಜವಾಗಿಯೇ ಕೇಳಿದನೋ. ರೆಜಿಸನ ಕೈ ತನಗೆ ತಾನೇ ಮೇಜಿನ ಮೇಲಿನ ಉಪ್ಪಿನ ಡಬ್ಬಿಯ ಕಡೆ ಹೋಯಿತು. ಬಾಯಿ ತೆರೆಯಿತು.

"ಯಾವ ಗೋಲು?" ಎಂದ ಲ್ಯುಡೊ.

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಶೆಡ್ಡೇ ಬಿದ್ದುಹೋಗುವ ಹಾಗೆ ನಗು. ಮೇಜು ಗುದ್ದಿದರು, ತಟ್ಟೆಗಳು ಕುಣಿದವು, ಒಬ್ಬನಿಗೆ ಬಿಯರು ನೆತ್ತಿಗೆ ಹತ್ತಿ ಕೆಮ್ಮತೊಡಗಿದ. "ಯಾವ ಗೋಲು? ಯಾವ ಗೋಲಪ್ಪ?" ಎಂದು ಈ ತುದಿಯಿಂದ ಆ ತುದಿಗೆ ಹೇಳಿಕೊಂಡು ಹೋದರು. ಸೊಲಾಂಜ್ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ಹೆಗಲುಗಳು ಅಲುಗುತ್ತಿದ್ದವು. ರೆಜಿಸನೂ ನಕ್ಕ. ಎಲ್ಲರ ನಗು ನಿಂತ ಮೇಲೂ ಅವನದು ಒಂಟಿಯಾಗಿ ಸ್ವಲ್ಪ ಹೊತ್ತು ನಡೆಯಿತು.

ಆಮೇಲೆ ಪಕ್ಕದವನು ಸರಿದು ಜಾಗ ಕೊಟ್ಟ, ಮಾತು ಮುಂದಿನ ವರ್ಷದ ಕಡೆಗೆ ಹೋಯಿತು. ಮೂರನೇ ವಿಭಾಗದಲ್ಲಿ ಎಂಥೆಂಥ ತಂಡಗಳಿವೆ, ಯಾವ ಊರಿನ ಮೈದಾನ ಎಷ್ಟು ಕೆಟ್ಟದು ಎಂದು ಪ್ರೂದೊ ಹೇಳುತ್ತಿದ್ದ, ಲ್ಯುಡೊ ತಲೆದೂಗುತ್ತಿದ್ದ. ಮುಂದಿನ ವರ್ಷ ವೊಟ್ರಿಸ್‌ಗೆ ಅವನೇ ಎರಡನೇ ಕೀಪರ್ ಎಂದು ಆಗ ತಿಳಿಯಿತು. ಸೊಲಾಂಜ್ ಬಂದು ಗಂಡನ ಮುಂದೆ ಮಾಂಸದ ತಟ್ಟೆ ಇಟ್ಟಳು. ಅದು ತಣ್ಣಗಾಗಿ, ಅಂಚಿನಲ್ಲಿ ಕೊಬ್ಬು ಬೆಳ್ಳಗೆ ಗಟ್ಟಿಯಾಗಿತ್ತು. ಅವನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ತಿಂದ. ಮೂಳೆಗೆ ಅಂಟಿದ್ದನ್ನೂ ಬಿಡದೆ ತಿಂದ. ಅವಳು ಟಾರ್ಟ್ ಹಂಚುತ್ತ ಮತ್ತೆ ಅವನ ಹತ್ತಿರ ಬಂದಾಗ, ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ.